ಮೇಸ್ತ್ರಿ ಅಕ್ಕನಿಗೆ ಐದಕ್ಕೆ ಐದು

ಒರಟುತನದ ಮೇಲೆ ಪಿಎಚ್‌ಡಿ ಮಾಡಿದವಳು ನಾನು. ಹೀಗೆಂದ ಕೂಡಲೇ ಜನ ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ಮೂಡುಬಿದಿರೆಯಲ್ಲಿ ನಾನು ಕಾಮರ್ಸ್ ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಂತೂ, "ಅದಕ್ಕೆ ಇವರು ಊರೂರು ತಿರುಗಬೇಕಿತ್ತಾ, ಮನೆಯ ಕನ್ನಡಿ ಸಾಕಿತ್ತಲ್ಲ" ಎಂದವರಿದ್ದಾರೆ. ಅನ್ನಲಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ನಿಜ. ಬಸ್ಸಿನಲ್ಲಿ ಕಾಲು ತುಳಿದವರಿಂದ ಹಿಡಿದು ಪರೀಕ್ಷೆಯ ಹಾಲಿನಲ್ಲಿ ಪಿಸುಗುಟ್ಟುವವರ ತನಕ ಎಲ್ಲರಿಗೂ ಜೋರು ಮಾಡಿದವಳೇ. ಆದರೆ ಈಗ ಹೇಳಹೊರಟದ್ದು ನನ್ನ ಸಿಟ್ಟಿನ ಕತೆಯಲ್ಲ. ಯಾರಿಗೂ ಒಂದು ಗಡಸು ಮಾತು ಆಡದೆ, ಬರೀ ಎರಡು ಪುಟದ ಕಾಗದದಿಂದ ನಾನು ಒಬ್ಬ ಹೆಂಗಸಿನ ಕೆಲಸ ತೆಗೆದದ್ದು ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ.

ವಿಷಯವನ್ನು ನಾನಾಗಿ ಹುಡುಕಿದ್ದಲ್ಲ. ನರಿಕೊಂಬಿನ ಮನೆಯಿಂದ ಬಂಟ್ವಾಳ, ಬಂಟ್ವಾಳದಿಂದ ಮೂಡುಬಿದಿರೆ ಎಂದು ಬಸ್ಸು ಹತ್ತಿ ಇಳಿಯುವುದರಲ್ಲೇ ಹದಿನೆಂಟು ವರ್ಷ ಕಳೆದಿತ್ತು. ಪಿಎಚ್‌ಡಿ ಇಲ್ಲದಿದ್ದರೆ ಇನ್ನು ಮುಂದಕ್ಕೆ ಮೆಟ್ಟಿಲಿಲ್ಲ ಎಂದರು. ನನ್ನ ಗೈಡ್ ಆಗಲು ಒಪ್ಪಿದ ಪ್ರಾಧ್ಯಾಪಕರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಕೆಲಸದ ಜಾಗದ ಒರಟುತನ ತೆಗೆದುಕೊಳ್ಳಿ ಮೇಡಂ. ಈಗ ಓಡುವ ವಿಷಯ. ನಮ್ಮ ಜಿಲ್ಲೆಯಲ್ಲಿ ಯಾರೂ ಮುಟ್ಟಿದ ಹಾಗಿಲ್ಲ" ಎಂದರು. ಯಾಕೆ ಮೇಲಿಂದ ಕೆಳಗೆ ನೋಡಿದರು ಎಂದು ನಾನು ಕೇಳಲಿಲ್ಲ.

ಓಡುವ ವಿಷಯವೇ ಹೌದು. ಓದುತ್ತ ಹೋದ ಹಾಗೆ, ಈ ವಿದ್ವಾಂಸರಿಗೂ ಸೀರೆ ಅಂಗಡಿಯವರ ಹಾಗೆ ಆಗಾಗ ಹೊಸ ನಮೂನೆ ಬರುತ್ತದೆ ಎಂದು ತಿಳಿಯಿತು. ಮೊದಮೊದಲು ಅವರು ಬೈಯುವವರನ್ನು ಹುಡುಕಿದರು. ಆಮೇಲೆ ಬೈಸಿಕೊಂಡವರ ಹಿಂದೆ ಬಿದ್ದರು. ಅವರಿಗೆ ನಿದ್ದೆ ಬರುತ್ತದಾ, ಕೆಲಸ ಬಿಡಬೇಕು ಅನಿಸುತ್ತದಾ. ಆಮೇಲೆ, ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿದವರಿಗೆ ಏನಾಗುತ್ತದೆ ಎಂದು ಕೇಳತೊಡಗಿದರು. ಒರಟುತನ ನೆಗಡಿಯ ಹಾಗೆ ಮೇಜಿನಿಂದ ಮೇಜಿಗೆ ಹಬ್ಬುತ್ತದೆ ಎಂದವರು ಕೆಲವರು. ಈಚೆಗೆ ಬಂದವರಿಗೆ, ಮೆಸೇಜು ಓದಿಯೂ ಉತ್ತರ ಹಾಕದ ಅಧಿಕಾರಿಯೇ ದೊಡ್ಡ ವಿಷಯ. ಅಳೆಯಬಹುದು ಎಂಬುದರಲ್ಲಿ ಮಾತ್ರ ಹೆಚ್ಚಿನವರಿಗೆ ಸಂಶಯ ಇರಲಿಲ್ಲ. ಊರು ಬದಲಾದರೆ ಒರಟುತನವೂ ಬದಲಾಗುತ್ತದೆ, ಒಂದೇ ಅಳತೆಗೋಲು ಎಲ್ಲ ಕಡೆ ನಡೆಯುವುದಿಲ್ಲ ಎಂದು ಎಚ್ಚರಿಸಿದವರೂ ಇದ್ದರು. ಅವರ ಮಾತನ್ನು ನಾನು ಎರಡನೇ ಅಧ್ಯಾಯದಲ್ಲಿ ಭಕ್ತಿಯಿಂದ ಉಲ್ಲೇಖಿಸಿ ಮೂರನೇ ಅಧ್ಯಾಯದಲ್ಲಿ ಮರೆತುಬಿಟ್ಟೆ.

ನನ್ನ ಅಳತೆಗೋಲು ಒಂದು ಪ್ರಶ್ನಾವಳಿ. ಇಂಗ್ಲಿಷಿನಲ್ಲಿದ್ದದ್ದನ್ನು ನಾನೇ ಕನ್ನಡಕ್ಕೆ ಇಳಿಸಿದ್ದು. 'ಕಳೆದ ಒಂದು ವರ್ಷದ ಅವಧಿಯಲ್ಲಿ ನಿಮ್ಮ ಮೇಲ್ವಿಚಾರಕರು ಇತರರ ಸಮ್ಮುಖದಲ್ಲಿ ನಿಮ್ಮ ಘನತೆಗೆ ಕುಂದುಂಟಾಗುವಂತೆ ವರ್ತಿಸಿರುವರೇ?' ಇಂಥವು ಹನ್ನೆರಡು. ಪ್ರತಿಯೊಂದರ ಎದುರು ಒಂದರಿಂದ ಐದರ ತನಕ ಅಂಕಿ. ಒಂದು ಎಂದರೆ ಎಂದೂ ಇಲ್ಲ, ಐದು ಎಂದರೆ ಯಾವಾಗಲೂ. ಮೆಲ್ಕಾರಿನ ಒಂದು ಆಫೀಸಿನಲ್ಲಿ ಗುಮಾಸ್ತರಿಗೆ ಕೊಟ್ಟು ಮೊದಲು ಪರೀಕ್ಷೆ ಮಾಡಿದ್ದೆ. ಅವರು ಓದಿ, ಆಚೀಚೆ ನೋಡಿ, ಅಂಜುತ್ತ ಎರಡು ಮೂರಕ್ಕೆ ಗೀಟು ಹಾಕಿದ್ದರು. ಸರಿಯಾಗಿದೆ ಎಂದು ಮುಂದುವರಿದೆ.

ಬೆಳ್ತಂಗಡಿ ತಾಲೂಕಿನಲ್ಲಿ ನಾರಾವಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಗೇರುಬೀಜದ ಕಾರ್ಖಾನೆ ಇದೆ. ಅಲ್ಲಿನ ಹೊಸ ಮ್ಯಾನೇಜರ್ ನನಗೆ ಕೂಡಲೇ ಅನುಮತಿ ಕೊಟ್ಟರು. ನಾನು ಒಳಗೆ ಕಾಲಿಡುವಾಗ ಎದ್ದು ನಿಂತು ಕೈಮುಗಿದವರು ಅವರು. ಮೆಲುದನಿ, ಬಾಗಿಲು ಒರಸುವ ಹೆಂಗಸಿಗೂ ಥ್ಯಾಂಕ್ಸ್ ಹೇಳುವ ಮನುಷ್ಯ. ಗೋಡೆಯಲ್ಲಿ 'ಪರಸ್ಪರ ಗೌರವವೇ ನಮ್ಮ ಗುರುತು' ಎಂಬ ಬೋರ್ಡು ಹಾಕಿಸಿದ್ದರು. ಒಂದೇ ಒಂದು ವಿನಂತಿ ಮೇಡಂ, ಎಂದರು: ಯಾರ ಹೆಸರೂ ಬೇಡ, ಕೊನೆಗೆ ಎರಡು ಪುಟದ ಸಾರಾಂಶ ಕೊಟ್ಟರೆ ನಮಗೂ ಸುಧಾರಿಸಲು ಅನುಕೂಲ. ಇಂಥವರ ಕೈಕೆಳಗೆ ದುಡಿಯುವವರು ಪುಣ್ಯವಂತರು ಎಂದು ನನ್ನ ನೋಟ್ ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆ ಬುಕ್ಕು ಈಗಲೂ ಉಂಟು.

ಅವರ ಆಫೀಸಿನಿಂದ ಹೊರಗೆ ಬರುವಾಗಲೇ ಆಚೆ ಶೆಡ್ಡಿನಿಂದ ಒಂದು ಬೊಬ್ಬೆ ಕೇಳಿಸಿತು. "ಹೇ, ನೀನೆಂತ ಸಿಪ್ಪೆ ತೆಗೆಯುವುದಾ, ಬೀಜಕ್ಕೆ ಮುತ್ತು ಕೊಡುವುದಾ? ಬೇಗ ಬೇಗ!" ಅದು ಬೀಜದ ಕೆಂಪು ಸಿಪ್ಪೆ ಸುಲಿಯುವ ವಿಭಾಗ. ನಲವತ್ತರ ಹತ್ತಿರ ಹೆಂಗಸರು ಸಾಲಾಗಿ ತಟ್ಟೆಯ ಮುಂದೆ ಕುಳಿತಿದ್ದರು. ಅವರ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದವರು ಅಲ್ಲಿನ ಮೇಲ್ವಿಚಾರಕಿ. ಎಲ್ಲರೂ ಮೇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತಾರು. ಮದುವೆಗೆ ಮೊದಲೇ ಸಿಪ್ಪೆ ತೆಗೆಯಲು ಬಂದು ಸೇರಿದವರು, ಅಲ್ಲೇ ಮೇಸ್ತ್ರಿ ಆದವರು. ಅವರು ಮಾತಾಡುವುದು ತುಳು, ನನ್ನ ಮನೆಮಾತೂ ತುಳುವೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ಬೈಗಳ ಅರ್ಧ ಖಾರ ಹೋಗಿದೆ ಎಂದೇ ತಿಳಿಯಬೇಕು.

ಎರಡು ದಿನ ಒಂದು ಮೂಲೆಯಲ್ಲಿ ಕೂತು ನೋಡಿದೆ. ಬೈಗಳಿಗೆ ಬಿಡುವೇ ಇಲ್ಲ. ಜ್ವರದಲ್ಲಿ ನಡುಗುತ್ತ ಬಂದವಳೊಬ್ಬಳಿಗೆ, "ಸಾಯ್ಲಿಕ್ಕೆ ಇಲ್ಲಿಗೇ ಬರಬೇಕಿತ್ತಾ ನಿನಗೆ? ಮನೆಯಲ್ಲಿ ಜಾಗ ಇಲ್ವಾ?" ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದರು. ಅವಳನ್ನು ಎಬ್ಬಿಸಿ ಗೋಣಿಯ ಮೇಲೆ ಮಲಗಿಸಿ, ಅವಳ ತಟ್ಟೆಯ ಮುಂದೆ ತಾವೇ ಕೂತು ಪೂರಾ ಮುಗಿಸಿದರು. ನಾನು ಕಿರುಚಿದ್ದನ್ನು ಬರೆದುಕೊಂಡೆ. ತಟ್ಟೆ ಮುಗಿಸಿದ್ದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ನನ್ನ ಸರದಿಯೂ ಬಂತು. ಎರಡನೇ ದಿನ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವಾಗ ನಾನು ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದೆ. ಅಕ್ಕನ ಕಣ್ಣು ಬಿತ್ತು.

"ಟೀಚರೇ, ಎಂತ ಅದು? ಊಟಕ್ಕೆ ಬಿಸ್ಕೆಟಾ? ನಿಮ್ಮ ತಲೆ ಸಮ ಉಂಟಾ? ಇಲ್ಲಿ ಬಿದ್ದರೆ ಎತ್ತುವವರು ಯಾರು, ನಿಮ್ಮ ಯೂನಿವರ್ಸಿಟಿಯವರು ಬರ್ತಾರಾ?"

"ಹಸಿವಿಲ್ಲ ಅಕ್ಕ" ಎಂದೆ.

"ಹಸಿವಿಲ್ಲವಂತೆ! ಮುಖ ನೋಡಿದರೆ ಮೂರು ದಿನದಿಂದ ನೀರೂ ಕುಡಿಯದ ಹಾಗೆ ಉಂಟು. ಕೂತ್ಕೊಳ್ಳಿ ಮಾರಾಯ್ತಿ ಸುಮ್ಮನೆ!"

ಪೊಟ್ಟಣ ಕೈಯಿಂದ ಕಿತ್ತು ಆಚೆ ಇಟ್ಟರು. ಒಂದು ಮುಚ್ಚಳದಲ್ಲಿ ಅವರ ಬುತ್ತಿಯ ಅರ್ಧ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಇನ್ಯಾರದೋ ಬುತ್ತಿಯಿಂದ ಬಸಳೆ, ಮತ್ತೊಬ್ಬರ ಉಪ್ಪಿನಕಾಯಿ ಬಂದು ಬಿತ್ತು. ಮುಗಿಯುವ ತನಕ ಎದುರಿಗೆ ನಿಂತೇ ಇದ್ದರು. ಹಾಗೆ ಬೈಸಿಕೊಂಡು ಊಟ ಮಾಡಿ ನನಗೆ ಎಷ್ಟು ವರ್ಷವಾಗಿತ್ತೋ, ಮುಚ್ಚಳವನ್ನು ಬೆರಳಿನಿಂದ ಬಳಿದು ತಿಂದೆ. ಸಂಶೋಧಕಿಯಾದವಳು ಹೀಗೆಲ್ಲ ಕರಗಬಾರದು ಎಂದು ಬಾಯಿ ತೊಳೆದುಕೊಂಡು ಎದ್ದೆ.

ಪ್ರಶ್ನಾವಳಿ ತುಂಬಿಸುವ ದಿನ ಬಂತು. ತುಂಬಿಸುವವರ ತಲೆಯ ಮೇಲೆ ಸಂಶೋಧಕರು ನಿಲ್ಲಬಾರದು ಎಂದು ಪುಸ್ತಕದಲ್ಲಿದೆ. ಆದ್ದರಿಂದ ಹಾಳೆ, ಪೆನ್ನು ಹಂಚಿ, "ನಿಮ್ಮ ಮೇಲ್ವಿಚಾರಕರ ಬಗ್ಗೆ ಇರುವುದು. ಮನಸ್ಸಿನಲ್ಲಿ ಇದ್ದ ಹಾಗೆ ಹಾಕಿ, ಹೆದರಬೇಡಿ, ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ" ಎಂದು ಹೇಳಿ, ನಾನು ಮ್ಯಾನೇಜರ ಜೊತೆ ಚಾ ಕುಡಿಯಲು ಹೋದೆ. ಮೇಸ್ತ್ರಿ ಅಕ್ಕನನ್ನೂ ಹೊರಗೆ ಕಳಿಸಿದ್ದೆ. ಅವರು ಕಿಟಕಿಯ ಹೊರಗೆ ನಿಂತು, "ಪರೀಕ್ಷೆಯಾ ಅದು? ಬೇಗ ಬರೆದು ಕೊಡಿ, ಬೀಜ ಒಣಗ್ತಾ ಉಂಟು!" ಎಂದು ಕೂಗುತ್ತಿದ್ದರು. ಒಳಗಿನಿಂದ ನಗು ಕೇಳಿಸುತ್ತಿತ್ತು. ಒರಟುತನದ ಪ್ರಶ್ನಾವಳಿ ತುಂಬಿಸುವವರು ಯಾಕೆ ನಗುತ್ತಿದ್ದಾರೆ ಎಂಬ ಯೋಚನೆ ನನಗೆ ಬರಲಿಲ್ಲ. ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮನೆಗೆ ಬಂದು ಹಾಳೆ ಬಿಡಿಸಿದರೆ ಐದು, ಐದು, ಐದು. ಹನ್ನೆರಡು ಪ್ರಶ್ನೆಗೂ ಐದು. ಒಬ್ಬರಾದ ಮೇಲೆ ಒಬ್ಬರು. ಮೇಲ್ವಿಚಾರಕರು ಯಾವಾಗಲೂ ಅವಮಾನಿಸುತ್ತಾರೆ, ಯಾವಾಗಲೂ ಕಡೆಗಣಿಸುತ್ತಾರೆ, ಯಾವಾಗಲೂ ಘನತೆಗೆ ಕುಂದು ತರುತ್ತಾರೆ. ಫೋನಿನಲ್ಲಿ ಹೇಳಿದಾಗ ಗೈಡ್ ಸಂತೋಷ ತಡೆಯಲಾರದೆ, "ಇಷ್ಟು ಸ್ಪಷ್ಟವಾಗಿ ಯಾರಿಗೂ ಸಿಗುವುದಿಲ್ಲ ಮೇಡಂ, ನಿಮ್ಮ ಅದೃಷ್ಟ" ಎಂದರು. ಒಂದೇ ಒಂದು ಹಾಳೆ ಮಾತ್ರ ಬೇರೆ. ಅದರಲ್ಲಿ ಹನ್ನೆರಡು ಪ್ರಶ್ನೆಗೂ ಒಂದು. ಎಂದೂ ಇಲ್ಲ, ಎಂದೂ ಇಲ್ಲ. ಪೆನ್ನು ಎಷ್ಟು ಒತ್ತಿತ್ತೆಂದರೆ ಕೆಲವು ಕಡೆ ಕಾಗದ ಹರಿದಿತ್ತು. ಅದಕ್ಕೊಂದು ಅಡಿಟಿಪ್ಪಣಿ ಬರೆದೆ: ದೀರ್ಘಕಾಲ ಒರಟುತನಕ್ಕೆ ಒಗ್ಗಿಕೊಂಡವರು ಅದನ್ನು ಒರಟುತನವೆಂದು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಆ ವಾಕ್ಯ ನನಗೆ ತುಂಬ ಇಷ್ಟವಾಗಿತ್ತು. ಎರಡು ಸಲ ಓದಿಕೊಂಡೆ.

ಮ್ಯಾನೇಜರಿಗೆ ಕೊಟ್ಟ ಸಾರಾಂಶದಲ್ಲಿ 'ಸಿಪ್ಪೆ ತೆಗೆಯುವ ವಿಭಾಗದಲ್ಲಿ ಮೇಲ್ವಿಚಾರಣೆಯ ಹಂತದಲ್ಲಿ ತೀವ್ರ ಸ್ವರೂಪದ ಒರಟು ವರ್ತನೆ ಕಂಡುಬರುತ್ತದೆ' ಎಂದು ಬರೆದೆ. ಮಾತು ಕೊಟ್ಟ ಹಾಗೆ ಯಾರ ಹೆಸರೂ ಹಾಕಲಿಲ್ಲ. ಆ ವಿಭಾಗಕ್ಕೆ ಮೇಲ್ವಿಚಾರಕಿ ಇದ್ದದ್ದು ಒಬ್ಬರೇ.

ಮೂರು ತಿಂಗಳ ನಂತರ ಮ್ಯಾನೇಜರ್ ಫೋನ್ ಮಾಡಿ, ಕಾರ್ಖಾನೆಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಉಂಟು, ಹಿರಿಯ ಕೆಲಸಗಾರರೊಬ್ಬರಿಗೆ ಸನ್ಮಾನ, ತಾವೇ ಮುಖ್ಯ ಅತಿಥಿಯಾಗಿ ಬರಬೇಕು ಎಂದರು. ಹೋದೆ. ಶೆಡ್ಡಿನಲ್ಲಿ ಶಾಮಿಯಾನ, ಕುರ್ಚಿ, ಮೈಕು. ಸನ್ಮಾನ ಮೇಸ್ತ್ರಿ ಅಕ್ಕನಿಗೆ. ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ವೇದಿಕೆಯ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಶಾಲು ಹೊದಿಸುವ ಕೆಲಸ ನನ್ನದು. ಹತ್ತಿರ ಬಾಗಿದಾಗ ಅವರು ಹಲ್ಲು ಕಚ್ಚಿ, ನನಗೆ ಮಾತ್ರ ಕೇಳುವ ಹಾಗೆ, "ಈ ಸೆಕೆಗೆ ಶಾಲು ಬೇರೆ ಹೊದಿಸ್ತೀರಲ್ಲ ಮಾರಾಯ್ತಿ, ಬೆವರಿ ಸಾಯ್ತೇನೆ, ಬೇಗ ತೆಗೀರಿ" ಎಂದರು. ನಗು ತಡೆದುಕೊಂಡು ಹಣ್ಣಿನ ಬುಟ್ಟಿ ಕೈಗೆ ಕೊಟ್ಟೆ. ಮ್ಯಾನೇಜರ್ ಮೈಕಿನಲ್ಲಿ, ಅಕ್ಕನವರ ಸೇವೆಯನ್ನು ಸಂಸ್ಥೆ ಎಂದೂ ಮರೆಯುವುದಿಲ್ಲ, ಇನ್ನು ಅವರು ಮನೆಮಂದಿಯ ಜೊತೆ ವಿಶ್ರಾಂತಿಯ ದಿನಗಳನ್ನು ಕಳೆಯಲಿ ಎಂದು ಹಾರೈಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಲಾಡು, ಚಾ ಹಂಚುವಾಗ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹಿರಿಯ ಹೆಂಗಸು ನಾಲ್ಕೈದು ಮಂದಿಯನ್ನು ಕಟ್ಟಿಕೊಂಡು ನನ್ನ ಹತ್ತಿರ ಬಂದಳು.

"ಮೇಡಂ, ಈ ಸನ್ಮಾನ ನಾವು ಕೊಟ್ಟ ಮಾರ್ಕಿನಿಂದ ಆದದ್ದಲ್ವಾ?"

"ಯಾವ ಮಾರ್ಕು?"

"ಅದೇ, ನೀವು ಕಾಗದ ಕೊಟ್ಟದ್ದಲ್ಲ, ಐದಕ್ಕೆ. ನಮ್ಮ ಸ್ವಸಹಾಯ ಸಂಘದಲ್ಲಿ ಟ್ರೈನಿಂಗ್ ಆದ ಮೇಲೆ ಹಾಗೇ ಕಾಗದ ಕೊಡ್ತಾರೆ. ಕಲಿಸಿದವರು ಒಳ್ಳೆಯವರಾದರೆ ಪೂರಾ ಐದು ಹಾಕುವುದು ಕ್ರಮ. ನಿಮ್ಮ ಕನ್ನಡ ಓದ್ಲಿಕ್ಕೆ ಸ್ವಲ್ಪ ಕಷ್ಟ ಇತ್ತು, ಆದರೆ ಮೇಲ್ವಿಚಾರಕರು ಅಂತ ಕಂಡಿತಲ್ಲ. ಅಕ್ಕನಿಗೆ ಒಂದು ಮಾರ್ಕೂ ಕಮ್ಮಿ ಆಗಬಾರದು ಅಂತ ನಾವೆಲ್ಲ ಮಾತಾಡಿಕೊಂಡೇ ಹಾಕಿದ್ದು."

ನನ್ನ ಕೈಯಲ್ಲಿದ್ದ ಲಾಡು ಕೈಯಲ್ಲೇ ಉಳಿಯಿತು.

"ಆದರೆ ಒಂದು ಅರ್ಥ ಆಗುವುದಿಲ್ಲ ಮೇಡಂ" ಎಂದಳು ಅವಳು. "ಇನ್ನೂ ಎರಡು ವರ್ಷ ಇತ್ತು ಅಕ್ಕನಿಗೆ. ಇಷ್ಟು ಮಾರ್ಕು ಬಂದವರನ್ನು ಶಾಲು ಹೊದಿಸಿ ನಾಳೆಯಿಂದ ಬರಬೇಡ ಅಂತ ಯಾಕೆ ಹೇಳುವುದು? ನೀವು ಒಂದು ಮಾತು ಕೇಳಿ ನೋಡಿ. ನಿಮ್ಮ ಮಾತು ಅವರು ಕೇಳ್ತಾರೆ."

ಕೇಳಲು ಹೋದೆ. ಮ್ಯಾನೇಜರ್ ಎದ್ದು ನಿಂತರು, ಕುರ್ಚಿ ಎಳೆದು ಕೊಟ್ಟರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಂಕಿ ತಿರುವುಮುರುವಾಗಿದೆ, ಅವರು ಮೆಚ್ಚುಗೆಗೆ ಕೊಟ್ಟದ್ದನ್ನು ನಾನು ದೂರು ಎಂದು ಓದಿದ್ದೇನೆ, ದಯವಿಟ್ಟು ಅಕ್ಕನನ್ನು ವಾಪಸು ಕರೆಯಿರಿ ಎಂದೆ. ಅವರು ಒಮ್ಮೆಯೂ ಬಾಯಿ ಹಾಕದೆ ಪೂರ್ತಿ ಕೇಳಿದರು. ನನ್ನ ಪ್ರಶ್ನಾವಳಿಯಲ್ಲಿ ಅದಕ್ಕೂ ಒಂದು ಪ್ರಶ್ನೆಯಿತ್ತು, ಅದರ ಲೆಕ್ಕದಲ್ಲಿ ಅವರು ಪೂರ್ತಿ ಸಭ್ಯರು.

"ಬಹಳ ಒಳ್ಳೆಯದಾಯಿತು ಮೇಡಂ, ನೀವು ಹೇಳಿದ್ದು" ಎಂದರು. "ನಿಮ್ಮ ವರದಿ ನೋಡಿಯೇ ಮೇಲಿನವರು ತೀರ್ಮಾನ ಮಾಡಿದ್ದು. ಆ ವರದಿ ತಪ್ಪು ಅಂತ ನೀವೇ ಒಂದು ಪತ್ರ ಬರೆದು ಕೊಡಿ. ಖಂಡಿತ ಕಳಿಸ್ತೇನೆ. ಒಂದು ತಿಂಗಳ ಒಳಗೆ ಕೊಟ್ಟರೆ ಏನಾದರೂ ಆಗಬಹುದು."

ಬರೆದು ಕಳಿಸುತ್ತೇನೆ ಎಂದೆ. ನಿಜವಾಗಿಯೂ ಕಳಿಸಬೇಕೆಂದೇ ಹೇಳಿದ್ದು.

ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಸಿಪ್ಪೆ ವಿಭಾಗದವಳೇ ಒಬ್ಬಳು ಬಂದು ಪಕ್ಕದಲ್ಲಿ ನಿಂತಳು. ಮೂವತ್ತರ ಆಸುಪಾಸು, ಕೊನೆಯ ಸಾಲಿನಲ್ಲಿ ಕೂರುವವಳು, ಎರಡು ದಿನದಲ್ಲಿ ಒಂದು ಮಾತೂ ಆಡಿರಲಿಲ್ಲ. ಅತ್ತಿತ್ತ ನೋಡಿ, "ಮೇಡಂ, ಒಂದು ಹಾಕಿದ್ದು ನಾನು" ಎಂದಳು.

"ಕಾಗದ ಹರಿದಿತ್ತಲ್ಲ, ಅದಾ?" ಎಂದೆ.

"ಎಲ್ಲರೂ ಐದು ಹಾಕು ಅಂದರು. ನಾನು ಕೈ ಅಡ್ಡ ಇಟ್ಟು ಒಂದು ಹಾಕಿದೆ. ಎಲ್ಲದಕ್ಕೂ ಒಂದು. ಸೊನ್ನೆ ಇರಲಿಲ್ಲ, ಇದ್ದಿದ್ದರೆ ಅದನ್ನೇ ಹಾಕ್ತಿದ್ದೆ."

ಅವಳು ಗಂಡನ ಮನೆ ಬಿಟ್ಟು ಬಂದವಳು. ಬಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೀಜ ತುಂಡಾಗುತ್ತಿತ್ತಂತೆ. ಒಂದು ದಿನ ಅಕ್ಕ ಅವಳ ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿ, ಒಂದು ಬೀಜ ಇಡಿಯಾಗಿ ಉಳಿಸಲು ಗೊತ್ತಿಲ್ಲದವಳು ಸಂಸಾರ ಉಳಿಸುತ್ತಾಳಾ ಎಂದರಂತೆ.

"ಎಲ್ಲರೂ ನಗಾಡಿದರು. ನಾನೂ ನಗಾಡಿದೆ. ನಗದೆ ಎಂತ ಮಾಡುವುದು?" ಎಂದಳು. ಬಸ್ಸು ಬರುವ ದಾರಿಯ ಕಡೆ ತಿರುಗಿ, "ನನ್ನ ಮಾರ್ಕಿನಿಂದ ಅವರ ಕೆಲಸ ಹೋದದ್ದಾ ಮೇಡಂ?" ಎಂದು ಕೇಳಿದಳು.

"ಅಲ್ಲ. ನಿನ್ನದರಿಂದ ಅಲ್ಲ" ಎಂದೆ. ಬಸ್ಸು ಬಂತು.

ಕಾಗದ ಹರಿಯುವಷ್ಟು ಒತ್ತಿ ಬರೆದ ಆ ಹಾಳೆಯೊಂದೇ ಅಷ್ಟರಲ್ಲಿ ನಿಜವಾದ ದೂರು. ನಾನು ಅದನ್ನು ಅಡಿಟಿಪ್ಪಣಿಗೆ ತಳ್ಳಿ, ಮೆಚ್ಚುಗೆಯನ್ನೆಲ್ಲ ದೂರಿನ ಪಟ್ಟಿಗೆ ಸೇರಿಸಿದ್ದೆ. ಬಂಟ್ವಾಳದ ತನಕ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ನಾಚಿಕೆಯೆನಿಸಿತು, ಜೊತೆಗೆ ಇನ್ನೊಂದು ಯೋಚನೆಯೂ ಮೆಲ್ಲ ತಲೆ ಹಾಕಿತು: ಹಾಗಾದರೆ ಅಕ್ಕ ಪೂರ್ತಿ ನಿರಪರಾಧಿಯೇನೂ ಅಲ್ಲವಲ್ಲ. ಆ ಹುಡುಗಿಯ ನೋವನ್ನು ನಾನು ನನ್ನ ಅನುಕೂಲಕ್ಕೆ ಬಳಸಿದೆ. ಅದನ್ನು ಮುಚ್ಚಿಟ್ಟು ಇದನ್ನು ಬರೆದರೆ ಅರ್ಥವಿಲ್ಲ.

ಗೈಡಿಗೆ ಫೋನ್ ಮಾಡಿದಾಗ ಅವರು ಗಾಬರಿಯಾಗಲಿಲ್ಲ. "ಪ್ರಬಂಧ ಸಲ್ಲಿಸಲು ಆರು ವಾರ ಉಂಟು. ಈಗ ದತ್ತಾಂಶ ತಪ್ಪು ಅಂತ ನೀವೇ ಬರೆದು ಕೊಟ್ಟರೆ ಎರಡು ವರ್ಷ ಹಿಂದಕ್ಕೆ ಹೋಗ್ತೀರಿ. ಕೊನೆಗೆ ಮಿತಿಗಳು ಅಂತ ಒಂದು ಭಾಗ ಇರುತ್ತದಲ್ಲ, ಅಲ್ಲಿ ಒಂದು ಸಾಲು ಹಾಕಿ" ಎಂದರು. ಹಾಕಿದೆ. 'ಪ್ರತಿಕ್ರಿಯೆ ನೀಡಿದವರಲ್ಲಿ ಕೆಲವರು ಅಂಕಗಳನ್ನು ಭಿನ್ನವಾಗಿ ಅರ್ಥೈಸಿಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.' ಮ್ಯಾನೇಜರಿಗೆ ಬರೆದ ಪತ್ರ ಮೇಜಿನ ಡ್ರಾವರಿನಲ್ಲಿತ್ತು. ಸಹಿ ಹಾಕಿ, ಕವರಿನ ಮೇಲೆ ವಿಳಾಸವನ್ನೂ ಬರೆದಿದ್ದೆ. ಒಂದು ತಿಂಗಳು ಕಳೆಯಿತು. ಆಮೇಲೆ ಕಳಿಸಿ ಪ್ರಯೋಜನವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿತನ ಎನ್ನುವುದಕ್ಕೆ ಬೇರೆ ಪದ ನನ್ನಲ್ಲಿಲ್ಲ.

ಡಾಕ್ಟರೇಟ್ ಬಂದಾಗ ಕಾಲೇಜಿನಲ್ಲಿ ನನಗೂ ಸನ್ಮಾನ ಮಾಡಿದರು. ಶಾಲು ಹೆಗಲಿಗೆ ಬಿದ್ದ ಕೂಡಲೇ, ಈ ಸೆಕೆಗೆ ಬೆವರಿ ಸಾಯ್ತೇನೆ ಎಂದ ದನಿ ಕಿವಿಯಲ್ಲಿ ಕೇಳಿಸಿತು. ಮುಂದಿನ ಭಾನುವಾರ ಆ ಕವರನ್ನು ಚೀಲದಲ್ಲಿಟ್ಟುಕೊಂಡು ನಾರಾವಿಯ ಬಸ್ಸು ಹತ್ತಿದೆ.

ಮನೆ ಪೇಟೆಯಿಂದ ಸ್ವಲ್ಪ ಒಳಗೆ. ಮೇಸ್ತ್ರಿ ಅಕ್ಕ ಜಗಲಿಯಲ್ಲಿ ಕೂತು, ಮಡಿಲಲ್ಲಿ ಎಲೆ, ಹೊಗೆಸೊಪ್ಪು ಹರಡಿದ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸೊಸೆ ಒಳಗೆ ಅಡುಗೆ ಮಾಡುತ್ತಿದ್ದಳು, ಮೀನಿನ ಸಾರಿನ ವಾಸನೆ ಬರುತ್ತಿತ್ತು. ನನ್ನನ್ನು ಕಂಡು ಅವರು ಎದ್ದರು. ಕುರ್ಚಿ ತಂದಿಟ್ಟು, ಧೂಳೇ ಇಲ್ಲದ ಕುರ್ಚಿಯನ್ನು ಸೆರಗಿನಿಂದ ಒರಸಿ, ಕೂತುಕೊಳ್ಳಿ ಎಂದರು. ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ಬಂತು. ಮತ್ತೆ ಬೀಡಿ ಕಟ್ಟಲು ಕೂತರು. ಮನೆಯಲ್ಲಿ ಎಲ್ಲ ಸೌಖ್ಯವಾ, ಕಾಲೇಜು ಹೇಗುಂಟು ಎಂದು ಮೆಲ್ಲಗೆ ಕೇಳಿದರು. ಆ ಬಾಯಿಯಿಂದ ಅಷ್ಟು ಸಣ್ಣ ದನಿ ಹೊರಡಬಹುದೆಂದು ನನಗೆ ಗೊತ್ತಿರಲಿಲ್ಲ.

"ಇಲ್ಲಿ ಬೈಯ್ಲಿಕ್ಕೆ ಯಾರೂ ಇಲ್ಲ" ಎಂದರು, ಕೇಳದಿದ್ದರೂ. "ಸೊಸೆ ಪಾಪದವಳು. ಬೈದರೆ ಅಳ್ತಾಳೆ."

ಆಮೇಲೆ ಎಲೆ ಸುತ್ತುತ್ತಲೇ ಕೇಳಿದರು: "ನನಗೆ ಎಲ್ಲರೂ ಐದೇ ಕೊಟ್ಟದ್ದಾ ಮೇಡಂ?"

"ಎಲ್ಲರೂ" ಎಂದೆ.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. "ಒಬ್ಬಳು ಕೊಟ್ಟಿರ್ಲಿಕ್ಕಿಲ್ಲ. ಹೆಸರು ನಾನು ಕೇಳುವುದಿಲ್ಲ. ಅವಳಿಗೆ ನಾನು ಹೇಳಬಾರದ ಮಾತು ಹೇಳಿದ್ದೇನೆ. ಬಾಯಿಂದ ಬಿದ್ದ ಮೇಲೆ ಗೊತ್ತಾಯ್ತು. ಸಂಜೆ ಗೇಟಿನ ಹತ್ತಿರ ಕಾದು ನಿಂತೆ, ಅವಳಾದರೂ ನನಗೆ ಎರಡು ಬೈದು ಹೋಗಲಿ ಅಂತ. ಅವಳು 'ಬರ್ತೇನಕ್ಕ' ಅಂತ ನಗಾಡಿ ಹೋದಳು. ಆಗಲೇ ತಿಳಿಯಿತು, ಇವಳ ಲೆಕ್ಕದಲ್ಲಿ ನಾನು ಇನ್ನು ಯಾರೂ ಅಲ್ಲ ಅಂತ."

ನಾನು ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಅದು ಮಾರ್ಕು ಅಲ್ಲ, ಐದು ಎಂದರೆ ಕೆಟ್ಟದ್ದು ಎಂದು ನಾನು ಓದಿದ್ದು, ನನ್ನ ವರದಿಯಿಂದಲೇ ಅವರ ಕೆಲಸ ಹೋದದ್ದು, ತಪ್ಪಾಯಿತು ಎಂದು ಬರೆದುಕೊಡಬಹುದಾಗಿದ್ದ ಪತ್ರವನ್ನು ನನ್ನ ಡಿಗ್ರಿಗೋಸ್ಕರ ಡ್ರಾವರಿನಲ್ಲಿಟ್ಟದ್ದು. ಕವರು ತೆಗೆದು ತೋರಿಸಿದೆ. "ಈಗಲಾದರೂ ಕಳಿಸ್ತೇನೆ ಅಕ್ಕ" ಎಂದೆ. ಹೇಳಿ ಮುಗಿಸಿ, ಆ ಹಳೆಯ ಬೊಬ್ಬೆಗಾಗಿ ಕಾದು ಕೂತೆ. ನಿಮ್ಮ ತಲೆ ಸಮ ಉಂಟಾ ಎಂದು ಕೇಳಲಿ, ಚೊಂಬು ಎತ್ತಿ ಎಸೆಯಲಿ, ಇಳಿ ನನ್ನ ಜಗಲಿಯಿಂದ ಎನ್ನಲಿ. ನನಗೆ ಅದು ಬೇಕಿತ್ತು.

ಅವರು ಕೈಯಲ್ಲಿದ್ದ ಬೀಡಿಯ ನೂಲು ಸುತ್ತಿ ಮುಗಿಸಿ ಗೆರಸೆಯಲ್ಲಿಟ್ಟರು.

"ಹಾಗಾ?" ಎಂದರು. "ಬೇಡ ಮೇಡಂ, ಇನ್ನು ಕಳಿಸಬೇಡಿ. ನಿಮ್ಮ ಓದಿಗೆ ಸುಮ್ಮನೆ ಪೊಕ್ಕಡೆ ತೊಂದರೆ ಆಗ್ತದೆ."

ಗೇಟಿನ ತನಕ ಬಂದರು. ಬಂದದ್ದು ಬಹಳ ಸಂತೋಷ ಆಯಿತು, ಹೋಗಿ ಬನ್ನಿ ಮೇಡಂ ಎಂದು ನಕ್ಕು ಕೈಮುಗಿದರು. ರಸ್ತೆಗೆ ಇಳಿದು ಬಸ್‌ಸ್ಟಾಪಿನ ಕಡೆ ನಡೆಯುತ್ತ, ಹಿಂದಿನಿಂದ ಒಂದು ಕೂಗು ಬರುತ್ತದೇನೋ ಎಂದು ಎರಡು ಸಲ ನಿಧಾನಿಸಿದೆ. ಗಂಟೆ ಒಂದೂವರೆ ದಾಟಿತ್ತು. ಊಟ ಆಯಿತಾ ಎಂದು ಅವರು ಕೇಳಲಿಲ್ಲ.